ಕಡಲಕಾಗೆಯ ಪರದೆ

ಆ ಬೆಳಿಗ್ಗೆ ಬೆಂಗ್ರೆಯ ಮರಳಿನ ಮೇಲೆ ನಾವು ನಾಲ್ಕು ಜನ ಇದ್ದೆವು. ಪುತ್ತೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ನನ್ನ ದೊಡ್ಡಪ್ಪನ ಮಗ ವಾಸಣ್ಣ, ಅವನ ಹೆಂಡತಿ ಪದ್ದತ್ತಿಗೆ, ನರಿಮೊಗರು ಶಾಲೆಗೆ ಹೊಸತಾಗಿ ಮಾಸ್ತರನಾಗಿ ಸೇರಿದ್ದ ನಾನು, ಮತ್ತೆ ನಮ್ಮನ್ನು ಮಂಗಳೂರು ಬಂದರಿನಿಂದ ಹೊಳೆ ದಾಟಿಸಿದ ದೋಣಿಯ ಇದ್ದಿನಬ್ಬ. ಐದನೆಯವನ ಹಾಗೆ, ಮುಕ್ಕಾಲಿಯ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡು ಕ್ಯಾಮೆರಾ ನಿಂತಿತ್ತು. ಅದರ ಮುಖ ಕಡಲಿಗೆ, ನಮ್ಮ ಮುಖವೂ ಕಡಲಿಗೆ. ಸೂರ್ಯ ಹುಟ್ಟುವುದನ್ನು ಕಾಯುತ್ತಿದ್ದೆವು.

ಮೊನ್ನೆ ಒಂದು ಕೆಲಸದ ಮೇಲೆ ಬಂದರಿನ ಬದಿಗೆ ಹೋಗಿದ್ದೆ. ದೋಣಿಗೆ ಬಳಿಯುವ ಮೀನೆಣ್ಣೆ, ನೀರು ಕುಡಿದ ಹಳೆಯ ಮರ, ಉಪ್ಪು, ಇವೆಲ್ಲ ಸೇರಿದ ವಾಸನೆ ಮೂಗಿಗೆ ಬಂತು. ಜೊತೆಗಿದ್ದವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡರು. ನಾನು ಅಲ್ಲಿಯೇ ಒಂದು ಕಲ್ಲಿನ ಮೇಲೆ ಕೂತೆ. ಆ ಒಂದು ವರ್ಷ, ಅಂದರೆ ಆ ಧನು ತಿಂಗಳಿನಿಂದ ಮುಂದಿನ ಧನು ತಿಂಗಳಿನವರೆಗಿನದ್ದು, ಹಾಗೆಯೇ ಎದುರಿಗೆ ಬಂತು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮದುವೆಯ ಮಾತು ಶುರುವಾಗುವ ಮೊದಲು ಹುಡುಗಿಯ ಪಟ ಕಳಿಸುವ ಕ್ರಮ ನಮ್ಮ ಕಡೆ ಆಗಷ್ಟೇ ಬಂದಿತ್ತು. ಕಡಬದಿಂದ, ಸುಳ್ಯದಿಂದ ತಂದೆತಾಯಿ ಹುಡುಗಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಪುತ್ತೂರಿಗೆ ಬರುತ್ತಿದ್ದರು. ಸೀರೆಯನ್ನು ಚೀಲದಲ್ಲಿ ತಂದು, ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಪದ್ದತ್ತಿಗೆಯ ಕನ್ನಡಿಯ ಎದುರು ಉಡಿಸಿ, ಪರದೆಯ ಮುಂದೆ ನಿಲ್ಲಿಸುತ್ತಿದ್ದರು. ವಾಸಣ್ಣನ ಸ್ಟುಡಿಯೋದಲ್ಲಿ ಮಾಡಿನ ಒಂದು ಬದಿಗೆ ಕನ್ನಡಿ ಹಂಚು. ಅದರಿಂದ ಇಳಿಯುವ ಬಿಸಿಲೇ ದೀಪ. ಪರದೆ ಮಾತ್ರ ಓಬಿರಾಯನ ಕಾಲದ್ದು. ಒಂದು ಕೆರೆ, ನಾಲ್ಕು ಮೆಟ್ಟಿಲು, ಎರಡು ಹಂಸ. ಸುತ್ತಿ ಸುತ್ತಿ ಇಟ್ಟು ಮಡಿಕೆ ಬಿದ್ದಲ್ಲಿ ಬಣ್ಣ ಉದುರಿ, ಹಂಸಗಳ ಕುತ್ತಿಗೆಯೇ ಹೋಗಿತ್ತು.

ಅಷ್ಟರಲ್ಲಿ ಬಸ್ಸು ನಿಲ್ಲುವಲ್ಲಿಯೇ ಇನ್ನೊಂದು ಸ್ಟುಡಿಯೋ ಬಂತು. ಅವರ ಪರದೆಯಲ್ಲಿ ತಾಜಮಹಲು. ಬಸ್ಸಿನಿಂದ ಇಳಿದವರು ನೇರ ಅಲ್ಲಿಗೇ ಹೊಗತೊಡಗಿದರು. ವಾಸಣ್ಣನ ಜಗಲಿಯಲ್ಲಿ ಕೂತು ಪೇಪರು ಓದುವವರು ಉಳಿದರು, ಪಟ ತೆಗೆಸುವವರು ಉಳಿಯಲಿಲ್ಲ.

ವಾಸಣ್ಣನ ಅಣ್ಣ ಶಂಕರಣ್ಣ ಕೋಡಿಂಬಾಳದಲ್ಲಿ ತೋಟ ನೋಡಿಕೊಂಡಿದ್ದವರು. ಮಾತು ಕಡಿಮೆ. ದೀಪಾವಳಿಗೆ ಹೋದಾಗ ಎಲೆಯ ಮುಂದೆ ಕೂತಲ್ಲಿಯೇ ಹೇಳಿದರು.

“ಪತ್ತನಾಜೆಯವರೆಗೆ ನೋಡು ವಾಸು. ಅಷ್ಟರೊಳಗೆ ಅಂಗಡಿ ನಡೆದ್ರೆ ನಡೀತು. ಇಲ್ಲದಿದ್ರೆ ಮಳೆಗೆ ಮೊದಲು ಸಾಮಾನು ಕಟ್ಟಿ ಮನೆಗೆ ಬಾ. ಅಡಕೆಗೆ ಮದ್ದು ಬಿಡ್ಲಿಕ್ಕೆ ಜನ ಇಲ್ಲ ನನಗೆ.”

ಪತ್ತನಾಜೆ ಎಂದರೆ ತುಳುವರ ಬೇಸಗೆ ಮುಗಿಯುವ ದಿನ. ಯಕ್ಷಗಾನ ಆಟದ ಮೇಳಗಳು ಗೆಜ್ಜೆ ಬಿಚ್ಚುವುದು, ಮದುವೆಗಳು ಮುಗಿಯುವುದು ಎಲ್ಲ ಅಷ್ಟರೊಳಗೆ. ಶಂಕರಣ್ಣ ಹೇಳಿದ್ದರಲ್ಲಿ ಅನ್ಯಾಯ ಇರಲಿಲ್ಲ. ಆದರೆ ವಾಸಣ್ಣನಿಗೆ ಕಪ್ಪು ಬಟ್ಟೆಯ ಒಳಗೆ ತಲೆ ಹಾಕಿದಾಗ ಬರುವ ಮುಖಕಳೆ ಬೇರೆಲ್ಲಿಯೂ ಬರುತ್ತಿರಲಿಲ್ಲ. ತೋಟಕ್ಕೆ ಹೋದರೆ ಅವನು ಬದುಕಿಯಾನು, ಆದರೆ ವಾಸಣ್ಣನಾಗಿ ಅಲ್ಲ ಎಂದು ಪದ್ದತ್ತಿಗೆ ನನ್ನ ಹತ್ತಿರ ಒಮ್ಮೆ ಹೇಳಿದ್ದರು.

“ಹೊಸ ಪರದೆ ಬರೆಸುದು,” ಎಂದ ವಾಸಣ್ಣ. “ಕಡಲಿನದ್ದು. ಕಡಬದವರು, ಸುಳ್ಯದವರು ಕಡಲು ಕಂಡದ್ದು ಉಂಟಾ? ಅವರ ಬೆನ್ನ ಹಿಂದೆ ಕಡಲನ್ನೇ ತಂದು ನಿಲ್ಲಿಸ್ತೇನೆ. ಸೂರ್ಯ ಹುಟ್ತಾ ಇರ್ಬೇಕು. ಶುಭ ಅಲ್ವಾ.”

ಕ್ಷೌರದಂಗಡಿಯಲ್ಲಿ ಒಂದು ಕ್ಯಾಲೆಂಡರು ಇತ್ತು. ಕಡಲು, ಅದರೊಳಗಿಂದ ಏಳುವ ಕೆಂಪು ಸೂರ್ಯ. ಅದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಪರದೆ ಬರೆಯಲು ನರಿಮೊಗರಿನ ಬಾಬು ಆಚಾರಿಯವರಿದ್ದರು. ಬಸ್ಸಿನ ಬೋರ್ಡುಗಳಿಗೂ ಆಟದವರ ಕಿರೀಟಗಳಿಗೂ ಬಣ್ಣ ಕೊಡುವ ಕೈ ಅದು. ಆದರೆ ಬಸ್ಸು ಹತ್ತಿದರೆ ಅವರಿಗೆ ವಾಂತಿ. “ನೀವು ಹೋಗಿ ಪಟ ತೆಗೆದು ತನ್ನಿ. ನಾನು ನೋಡಿ ಬರೀತೇನೆ. ಕಡಲು ನನ್ನ ಮನೆಗೆ ಬರ್ಲಿ,” ಎಂದರು.

ಹಾಗೆ ಕ್ರಿಸ್ಮಸ್ ರಜೆಯಲ್ಲಿ ನಾವು ಮೂವರು ಮಂಗಳೂರಿಗೆ ಹೋಗಿ, ನೆಂಟರ ಮನೆಯಲ್ಲಿ ಮಲಗಿ, ಇನ್ನೂ ಕತ್ತಲಿರುವಾಗಲೇ ಬಂದರಿಗೆ ಬಂದದ್ದು. ಪದ್ದತ್ತಿಗೆ ಕಡಲನ್ನು ನೋಡಿದವರಲ್ಲ. ಸ್ಟುಡಿಯೋದಲ್ಲಿ ಪಟಗಳನ್ನು ತಿದ್ದಿ ಕೆನ್ನೆಗೆ ಬಣ್ಣ ಕೊಡುವ ಕೆಲಸ ಅವರದ್ದು. ಎಷ್ಟೋ ಹುಡುಗಿಯರಿಗೆ ಮದುವೆ ಆದದ್ದು ಅವರ ಕುಂಚದಿಂದ ಎಂದು ವಾಸಣ್ಣ ಹೇಳುವುದಿತ್ತು.

ಬೆಂಗ್ರೆ ಎಂದರೆ ಒಂದು ಬದಿ ಹೊಳೆ, ಒಂದು ಬದಿ ಕಡಲು, ನಡುವೆ ಉದ್ದಕ್ಕೆ ಮಲಗಿದ ಮರಳು. ಮರಳು ದಾಟಿ ಕಡಲ ಕರೆಗೆ ಬಂದು ಕ್ಯಾಮೆರಾ ಹೂಡಿದೆವು. ಚಳಿ ಇತ್ತು. ಅಲೆ ಸಣ್ಣದು. ದೂರದಲ್ಲಿ ಹಂಚು ಹೇರಿದ ಒಂದು ಮಂಜಿ ಹಡಗು, ಹಾಯಿ ಬಿಚ್ಚದೆ ನಿಂತಿತ್ತು. ಕ್ಯಾಮೆರಾದ ಹಿಂದೆ ವಾಸಣ್ಣ, ಅವನ ಹಿಂದೆ ನಾವು, ಪಡುವಣಕ್ಕೆ ಮುಖ ಮಾಡಿ ನಿಂತೇ ನಿಂತೆವು.

ಇದ್ದಿನಬ್ಬ ಬೀಡಿ ಹಚ್ಚಿದವ ಸ್ವಲ್ಪ ಹೊತ್ತು ನಮ್ಮನ್ನು ನೋಡಿದ. ಆಮೇಲೆ ಕೇಳಿದ.

“ಭಟ್ರೆ, ನೀವು ಎಂತ ಕಾಯುದು?”

“ಸೂರ್ಯ ಹುಟ್ಟುದನ್ನು.”

“ನಿಮ್ಮ ಊರಲ್ಲಿ ಎಲ್ಲಿಂದ ಹುಟ್ಟುದು ಅದು?”

ವಾಸಣ್ಣ ಬಟ್ಟೆಯ ಒಳಗಿಂದಲೇ ಹೇಳಿದ. “ಸುಳ್ಯದ ಬದಿಯಿಂದ.”

“ಇಲ್ಲಿ ಕೂಡ ಅಲ್ಲಿಂದಲೇ ಮಾರಾಯ್ರೆ.”

ತಿರುಗಿ ನೋಡಿದರೆ ಹೊಳೆಯ ಆಚೆ, ತೆಂಗಿನ ತಲೆಗಳ ಮೇಲೆ ಆಕಾಶ ಆಗಲೇ ಕೆಂಪಾಗಿತ್ತು. ಪದ್ದತ್ತಿಗೆ ಸೆರಗನ್ನು ಬಾಯಿಗೆ ಇಟ್ಟುಕೊಂಡು ಅಲ್ಲಿಯೇ ಮರಳಿನಲ್ಲಿ ಕೂತರು. ನಗು ನಿಂತ ಮೇಲೆ ನನ್ನ ಕಡೆ ತಿರುಗಿದರು.

“ಮಾಸ್ಟ್ರೆ, ಮಕ್ಕಳಿಗೆ ದಿಕ್ಕು ಕಲಿಸುದು ನೀವೇ ಅಲ್ವಾ?”

“ನಮ್ಮ ಶಾಲೆಯಲ್ಲಿ ಬಾವಿ ಇರುವ ಬದಿ ಮೂಡು, ಅತ್ತಿಗೆ. ಇಲ್ಲಿ ಬಾವಿ ಕಾಣುದಿಲ್ಲ.”

ವಾಸಣ್ಣ ನಗಲಿಲ್ಲ. ದಿನಾ ಹಂಚಿನ ಕೆಳಗೆ ಬಿಸಿಲು ಅಳೆಯುವ ಮನುಷ್ಯ ಅವನು. ಸೂರ್ಯ ಕಡಲಿಗೆ ಮುಳುಗುವುದೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಕ್ಯಾಲೆಂಡರಿನ ಕಡಲಿಗೆ ದಿಕ್ಕು ಇರುವುದಿಲ್ಲ. ಅವನು ಮುಕ್ಕಾಲಿಯನ್ನು ಹೆಗಲಿಗೆ ಹಾಕಿ ಹೊಳೆಯ ಬದಿಗೆ ನಡೆಯತೊಡಗಿದ. ಪ್ಲೇಟುಗಳ ಪೆಟ್ಟಿಗೆ ಹಿಡಿದು ನಾನು ಹಿಂದೆ ಓಡಿದೆ.

ಆ ಬದಿಯಲ್ಲಿ ಒಂದು ಹಳೆಯ ಧಕ್ಕೆ ಇತ್ತು. ಹಿಂದೆ ಮಂಜಿಗಳನ್ನು ಕಟ್ಟುತ್ತಿದ್ದ ಮರದ ಕಟ್ಟೆ. ಹಲಗೆಗಳು ಅಲ್ಲಲ್ಲಿ ಕಳಚಿ, ಕಂಬಗಳು ಮಾತ್ರ ನೀರಿನಲ್ಲಿ ಸಾಲಾಗಿ ಉಳಿದಿದ್ದವು. ಬುಡದಲ್ಲಿ ಚಿಪ್ಪು ಕಚ್ಚಿ ಬೆಳ್ಳಗಾಗಿತ್ತು. ಪ್ರತಿ ಕಂಬದ ತಲೆಯ ಮೇಲೂ ಒಂದೊಂದು ಹಕ್ಕಿ. ಹಂಸದಷ್ಟು ಇಲ್ಲ, ಕೊಕ್ಕರೆಯ ಕಾಲಿಲ್ಲ. ಬಿಳಿ ಮೈ, ಬೂದಿ ಬಣ್ಣದ ರೆಕ್ಕೆ, ಕಿವಿಯ ಹತ್ತಿರ ಮಸಿ ತಾಗಿದ ಹಾಗೆ ಒಂದು ಬೊಟ್ಟು.

“ಇದರ ಹೆಸರು ಎಂತ?” ಎಂದು ಪದ್ದತ್ತಿಗೆ ಕೇಳಿದರು.

“ಕಡಲಕಾಗೆ, ಅಮ್ಮ.”

“ಕಾಗೆಯಾ? ಇಷ್ಟು ಬೆಳ್ಳಗೆ?”

“ಮೊದಲು ಕಪ್ಪೇ. ಉಪ್ಪುನೀರು ಕುಡಿದು ಕುಡಿದು ಬೆಳ್ಳಗಾದದ್ದು,” ಎಂದ ಇದ್ದಿನಬ್ಬ. ಸೂರ್ಯನ ವಿಷಯದಲ್ಲಿ ಅವನು ಗೆದ್ದಿದ್ದ. ಹಾಗಾಗಿ ಇದನ್ನೂ ನಾವು ಒಪ್ಪಿಕೊಂಡೆವು.

ವಾಸಣ್ಣ ಕಪ್ಪು ಬಟ್ಟೆ ಎತ್ತಿದ ಕೂಡಲೇ ಹಕ್ಕಿಗಳೆಲ್ಲ ಎದ್ದು ಹಾರಿದವು. ಪದ್ದತ್ತಿಗೆ ಬುತ್ತಿಯಿಂದ ಅವಲಕ್ಕಿ ತೆಗೆದು ಎರಚಿದರು. ಒಂದೂ ತಿರುಗಿ ನೋಡಲಿಲ್ಲ.

“ಅವು ಭಟ್ರ ಮನೆಯ ಹಕ್ಕಿ ಅಲ್ಲ ಅಮ್ಮ,” ಎಂದು ಇದ್ದಿನಬ್ಬ ದೋಣಿಯ ತಳದಿಂದ ಒಂದು ಹಿಡಿ ಬೂತಾಯಿ ಮೀನು ತೆಗೆದು ನೀರಿಗೆ ಎಸೆದ. ಒಂದೇ ಗಲಾಟೆ. ತಿಂದು ಮುಗಿಸಿ ಐದು ಹಕ್ಕಿಗಳು ಕಂಬಗಳ ಮೇಲೆ ಬಂದು ಕೂತವು. ಅಷ್ಟೊತ್ತಿಗೆ ಸೂರ್ಯ ತೆಂಗಿನ ಮೇಲಿಂದ ಎದ್ದು ನೀರಿನ ಮೇಲೆ ಉದ್ದಕ್ಕೆ ಬೆಳಕು ಹಾಸಿದ್ದ. ಕಂಬಕ್ಕೆ ತಾಗುವ ನೀರಿನ ಸದ್ದು ಮಾತ್ರ. ವಾಸಣ್ಣ ಉಸಿರು ಹಿಡಿದು ಮುಚ್ಚಳ ತೆಗೆದು, ಎಣಿಸಿ, ಮುಚ್ಚಿದ. ಪ್ಲೇಟು ಬದಲಿಸಿ ಮತ್ತೆ ತೆಗೆದ.

ಪುತ್ತೂರಿಗೆ ಬಂದು ತೊಳೆದಾಗ ಪಟ ಚೆನ್ನಾಗಿಯೇ ಬಂತು. ಬೆಳಕಿಗೆ ಎದುರಾಗಿ ತೆಗೆದದ್ದಲ್ಲವೇ, ನೀರು ಬೆಳ್ಳಿಯ ತಗಡು, ಧಕ್ಕೆ ಕಪ್ಪು, ಹಕ್ಕಿಗಳೂ ಕಪ್ಪು. ಕಡಲು ಅದರಲ್ಲಿ ಇರಲೇ ಇಲ್ಲ. ಇದ್ದದ್ದು ಹೊಳೆ. “ನೀರು ನೀರೇ,” ಎಂದು ವಾಸಣ್ಣ ಪಟವನ್ನು ಬಾಬು ಆಚಾರಿಯವರಿಗೆ ಕೊಟ್ಟ.

ಅವರು ಪಟವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. “ಇದು ಯಾವ ಹಕ್ಕಿ?”

“ಕಡಲಕಾಗೆ.”

“ಕಾಗೆ,” ಎಂದರು ಅವರು. ಮತ್ತೆ ಏನೂ ಕೇಳಲಿಲ್ಲ.

ಪರದೆ ಬಂದದ್ದು ಕುಂಭ ತಿಂಗಳಿನಲ್ಲಿ, ಮದುವೆಗಳು ಕೂಡಿಬರುವ ಹೊತ್ತಿಗೆ. ಆಚಾರಿಯವರೂ ಅವರ ಅಳಿಯನೂ ಬಿದಿರಿಗೆ ಸುತ್ತಿ ಹೊತ್ತುಕೊಂಡೇ ನಡೆದು ಬಂದರು. ತೂಗುಹಾಕಿ ಬಿಚ್ಚಿದರು. ಕೆಂಪು ಸೂರ್ಯ, ಹೊನ್ನಿನ ನೀರು, ಹಳೆಯ ಧಕ್ಕೆಯ ಒಂದೊಂದು ಹಲಗೆಯ ಗಂಟು ಕೂಡ ಕಾಣುತ್ತಿತ್ತು. ಕಂಬಗಳ ಮೇಲೆ ಐದು ಕಾಗೆ. ನಮ್ಮ ಹಿತ್ತಿಲಿನ ಕಾಗೆ. ದಪ್ಪ ಕೊಕ್ಕು, ಬೂದಿ ಕುತ್ತಿಗೆ, ಒಂದಂತೂ ತಲೆ ಓರೆ ಮಾಡಿ ನಮ್ಮನ್ನೇ ನೋಡುತ್ತಿತ್ತು.

“ಆಚಾರ್ರೆ,” ಎಂದ ವಾಸಣ್ಣ ಮೆಲ್ಲಗೆ, “ಅದು ಬಿಳಿ ಹಕ್ಕಿ.”

“ನೀವು ಕಾಗೆ ಅಂದ್ರಿ. ಪಟದಲ್ಲಿಯೂ ಕಪ್ಪೇ ಉಂಟು. ನಾನು ಎಂತ, ಬಿಳಿ ಕಾಗೆ ಬರೀಬೇಕಿತ್ತಾ? ಊರಿನವರು ನನ್ನ ಕಣ್ಣು ಹೋಯ್ತು ಹೇಳಿಯಾರು.”

ಅವರು ಹೋದ ಮೇಲೆ ಪದ್ದತ್ತಿಗೆ ತಮ್ಮ ಬಿಳಿ ಬಣ್ಣ ಕಲಸಿ, ಸ್ಟೂಲು ಹತ್ತಿ ಕೊನೆಯ ಕಾಗೆಗೆ ಬಳಿದು ನೋಡಿದರು. ಬಣ್ಣ ತಲೆಯಲ್ಲಿ ಮಾತ್ರ ನಿಂತಿತು, ಉಳಿದದ್ದು ಕಂಬದ ಮೇಲೆ ಇಳಿಯಿತು. ಕಾಗೆ ಕೂತು ಹೋದ ಕುರುಹಿನ ಹಾಗೆಯೇ ಕಂಡಿತು ಅದು. “ಇನ್ನು ನಾಲ್ಕಕ್ಕೆ ಕೈ ಹಾಕಿದ್ರೆ ಧಕ್ಕೆಯೇ ಗಲೀಜಾಗ್ತದೆ,” ಎಂದು ಅವರು ಇಳಿದರು. ಹಾಗೆ ನಾಲ್ಕು ಕಪ್ಪು, ಒಂದು ಬಿಳಿತಲೆ.

ಮೊದಲು ಬಂದವರು ಕಡಬದ ಬದಿಯ ಒಬ್ಬರು ತಾಯಿ, ಜೊತೆಗೆ ಮಗಳು. ಹುಡುಗಿ ಸೀರೆ ಉಟ್ಟು ಪರದೆಯ ಮುಂದೆ ನಿಂತಳು. ತಾಯಿ ತಲೆ ಎತ್ತಿದರು.

“ಇದೆಂತ, ಹುಡುಗಿಯ ತಲೆಯ ಮೇಲೆ ಕಾಗೆ?”

“ಅದು ಕಡಲಕಾಗೆ ಅಮ್ಮ, ಮಂಗಳೂರಿನದ್ದು,” ಎಂದ ವಾಸಣ್ಣ.

“ಎಲ್ಲಿಯದ್ದಾದ್ರೂ ಕಾಗೆ ಅಲ್ವಾ? ಪಟ ಕಂಡ ಗಂಡಿನವರು ಎಂತ ಹೇಳುದು? ಬಾ ಮಗ, ಆಚೆ ಹೋಗುವ.”

ಕಾಗೆ ತಲೆಗೆ ತಾಗಿದರೆ ಮಿಂದು ಬರುವ ಊರು ನಮ್ಮದು. ಸುದ್ದಿ ಬಸ್ಸಿಗಿಂತ ಬೇಗ ಹೋಯಿತು. ಮದುವೆಯ ಪಟಗಳೆಲ್ಲ ತಾಜಮಹಲಿನ ಪಾಲಾದವು. “ಅಲ್ಲಿ ಗೋರಿ ಆಗ್ತದೆ, ಇಲ್ಲಿ ಕಾಗೆ ಆಗುದಿಲ್ಲ,” ಎಂದು ಪದ್ದತ್ತಿಗೆ ಗೊಣಗಿದರು. ಆದರೆ ಅದನ್ನು ಯಾರಿಗೆ ಹೇಳುವುದು. ಹಳೆಯ ಹಂಸದ ಪರದೆ ತೆಗೆಯುವಾಗಲೇ ಹರಿದಿತ್ತು. ಮೀನ ಕಳೆಯಿತು, ಮೇಷ ಕಳೆಯಿತು. ಕನ್ನಡಿ ಹಂಚಿನ ಕೆಳಗೆ ಬಿಸಿಲು ಬಂದು ಖಾಲಿ ಕುರ್ಚಿಯ ಮೇಲೆ ಕೂತು ಹೋಗುತ್ತಿತ್ತು. ವಾಸಣ್ಣ ಪ್ಲೇಟುಗಳ ಪೆಟ್ಟಿಗೆಗಳನ್ನು ಒರಸಿ ಒಂದೊಂದಾಗಿ ಬದಿಗಿಡತೊಡಗಿದ. ಅವನು ಮನಸ್ಸಿನಲ್ಲಿ ಸಾಮಾನು ಕಟ್ಟುತ್ತಿದ್ದಾನೆ ಎಂದು ನಮಗೆ ಗೊತ್ತಾಗುತ್ತಿತ್ತು.

ಪತ್ತನಾಜೆಗೆ ಒಂದು ವಾರ ಇದೆ ಎನ್ನುವಾಗ, ಸೆಕೆಯ ಒಂದು ಬೆಳಿಗ್ಗೆ, ಸುಳ್ಯದ ಆಚೆಯಿಂದ ಒಂದು ಗೌಡರ ಕುಟುಂಬ ಬಂತು. ಯಜಮಾನರು ಸುಬ್ಬಪ್ಪ ಗೌಡರು, ಮಗ, ಸೊಸೆ, ಮೊಮ್ಮಗಳು. ಎಲ್ಲರೂ ಸೇರಿ ಒಂದು ಪಟ ಬೇಕಿತ್ತು. ಬಸ್ಸು ನಿಲ್ಲುವಲ್ಲಿನ ಸ್ಟುಡಿಯೋದಲ್ಲಿ ಜನ ಹೆಚ್ಚು ಇದ್ದರೆಂದು ಇಲ್ಲಿಗೆ ಬಂದಿದ್ದರು. ಮಗ ಪರದೆ ನೋಡಿದವನೇ ಹೇಳಿದ.

“ಅದನ್ನು ಒಮ್ಮೆ ಸುತ್ತಿಡಿ. ಬರಿ ಗೋಡೆ ಸಾಕು.”

ವಾಸಣ್ಣ ಹಗ್ಗಕ್ಕೆ ಕೈ ಹಾಕಿದ. ಅಷ್ಟರಲ್ಲಿ ಗೌಡರು, “ಬೊತ್ತು, ಬೊತ್ತು,” ಎಂದರು. ಅವರ ಅರೆಭಾಷೆಯಲ್ಲಿ ಬೇಡ ಎಂದು. ಪರದೆಯ ಹತ್ತಿರ ಹೋಗಿ, ಕೈ ಹಿಂದಕ್ಕೆ ಕಟ್ಟಿ, ಒಂದೊಂದೇ ಕಾಗೆಯನ್ನು ನೋಡಿದರು. ಆಮೇಲೆ ವಾಸಣ್ಣನಿಗೆ ಹೇಳಿದರು.

“ನನ್ನ ಅಪ್ಪನದ್ದು ಪಟ ಇಲ್ಲ ಭಟ್ರೆ. ಅವ್ವನದ್ದು ಇಲ್ಲ. ನಮ್ಮವಳದ್ದು ತೆಗೆಸುವ ತೆಗೆಸುವ ಅಂತ ಹೇಳಿ ಹೇಳಿಯೇ ಅವಳು ಹೋದಳು. ಈಗ ವರ್ಷಕ್ಕೊಮ್ಮೆ ಎಲೆ ಇಟ್ಟು ಕರೆದ್ರೆ ಕಾಗೆಯಾಗಿ ಬರ್ತಾರೆ. ಮನೆಯವರೆಲ್ಲ ಸೇರಿದ ಪಟ ಅಲ್ವಾ ಇದು? ಅವರೂ ಇರ್ಲಿ.”

ಮಗ ಹಿಂದಕ್ಕೆ ಸರಿದು ನಿಂತ. ಮೊಮ್ಮಗಳಿಗೆ ಮಾತ್ರ ಹೆದರಿಕೆ ಇರಲಿಲ್ಲ.

“ಅಜ್ಜ, ಅಜ್ಜಿ ಯಾವುದು?”

ಗೌಡರು ಪದ್ದತ್ತಿಗೆ ಕೆಡಿಸಿಟ್ಟ ಕೊನೆಯ ಕಾಗೆಯನ್ನು ತೋರಿಸಿದರು. “ಅದೇ. ನೋಡು, ತಲೆ ನೆರೆದದ್ದು.”

ಕುರ್ಚಿಯನ್ನು ಆ ಕಂಬದ ಕೆಳಗೇ ಹಾಕಿಸಿ ಕೂತರು. ವಾಸಣ್ಣ ಬಟ್ಟೆಯ ಒಳಗೆ ಹೋದವನು ಬೇಗ ಹೊರಗೆ ಬರಲಿಲ್ಲ. ಪದ್ದತ್ತಿಗೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು.

ಆ ಪಟದ ಒಂದು ಪ್ರತಿಯನ್ನು, ಗೌಡರನ್ನು ಕೇಳಿಯೇ, ವಾಸಣ್ಣ ಎದುರಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಕಾಗೆ ಯಾಕೆ ಎಂದು ಕೇಳಿದವರಿಗೆ ಪದ್ದತ್ತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೇಳಿದವರು ಪಟವನ್ನು ಇನ್ನೊಮ್ಮೆ ನೋಡಿ ಹೋಗುತ್ತಿದ್ದರು. ಇಬ್ಬರು ಮೂವರು ಮರಳಿ ಬಂದರು, ಮನೆಯವರನ್ನು ಕರೆದುಕೊಂಡು.

ಪತ್ತನಾಜೆಯ ದಿನ ಶಂಕರಣ್ಣ ಬಂದರು. ಕೈಯಲ್ಲಿ ಒಂದು ಸುರುಳಿ ಹೊಸ ಹಗ್ಗ, ಸಾಮಾನು ಕಟ್ಟಲು. ಹಗ್ಗವನ್ನು ಜಗಲಿಯಲ್ಲಿಟ್ಟು ಒಳಗೆ ಬಂದು ನೀರು ಕುಡಿದರು. ಪರದೆಯ ಎದುರು ನಿಂತರು.

“ಇದು ಕಡಲಾ?”

“ಹೊಳೆ,” ಎಂದ ವಾಸಣ್ಣ. ಅಣ್ಣನಿಗೆ ಸುಳ್ಳು ಹೇಳಿ ಅಭ್ಯಾಸ ಇರಲಿಲ್ಲ ಅವನಿಗೆ.

“ದಾರಿಯಲ್ಲಿ ಬಸ್ಸಿನಲ್ಲಿ ಹೇಳ್ತಾ ಇದ್ರು. ಪುತ್ತೂರಿನಲ್ಲಿ ಸತ್ತವರ ಪಟ ತೆಗೀತಾರಂತೆ ಅಂತ. ನಿನ್ನದೇ ಅಂಗಡಿ ಅಂತ ನನಗೆ ಗೊತ್ತಿರಲಿಲ್ಲ.”

ಶಂಕರಣ್ಣ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರಸಿಕೊಂಡರು.

“ಅಪ್ಪನದ್ದು ನಮ್ಮಲ್ಲಿ ಪಟ ಇಲ್ಲ ಅಲ್ವಾ ವಾಸು.”

“ಇಲ್ಲ.”

“ಅಪ್ಪ ಮಾತಾಡುವಾಗ ತಲೆ ಓರೆ ಮಾಡುದಿತ್ತು.” ಓರೆ ತಲೆಯ ಕಾಗೆಯನ್ನು ಅವರು ಕೈ ಎತ್ತಿ ತೋರಿಸಲಿಲ್ಲ. ನೋಡಿದರು, ಅಷ್ಟೆ. “ಕುರ್ಚಿ ಎಲ್ಲಿ ಇಡ್ತಿ?”

ಅಣ್ಣ ಕೂತರು, ವಾಸಣ್ಣ ಪಕ್ಕದಲ್ಲಿ ನಿಂತ. ಪದ್ದತ್ತಿಗೆ ಹೇಳಿದ ಹಾಗೆ ನಾನೇ ಮುಚ್ಚಳ ತೆಗೆದೆ. ಸಂಜೆಯ ಬಸ್ಸಿಗೆ ಶಂಕರಣ್ಣ ಹೊರಟಾಗ ಪದ್ದತ್ತಿಗೆ ಹಗ್ಗ ತೆಗೆದುಕೊಟ್ಟರು. “ಅದು ಇಲ್ಲೇ ಇರ್ಲಿ. ಪರದೆ ಕಟ್ಟಿದ ಹಗ್ಗ ಸವೆದು ಹೋಗಿದೆ, ಕಾಣುದಿಲ್ವಾ,” ಎಂದು ಶಂಕರಣ್ಣ ಹೇಳಿ ಹೋದರು.

ಆಟಿ ತಿಂಗಳಿನಲ್ಲಿ, ಸತ್ತವರಿಗೆ ಬಡಿಸುವ ಆ ಮಳೆಯ ದಿನಗಳಲ್ಲಿ, ಕನ್ನಡಿ ಹಂಚಿನಿಂದ ಬೆಳಕೇ ಸಾಲುತ್ತಿರಲಿಲ್ಲ. ಆದರೂ ಜನ ಬಂದರು. ಎಲೆಯ ಗೊರಬೆ, ಕೊಡೆಗಳನ್ನು ಒರಗಿಸಿಟ್ಟು, ಮಳೆ ಬಿಟ್ಟು ಬಿಸಿಲು ಬೀಳುವವರೆಗೆ ಜಗಲಿಯಲ್ಲಿ ಕೂತು ಕಾದರು. ತಾಜಮಹಲಿನವರು ಮದುವೆ ನೋಡಿಕೊಂಡರು, ನಾವು ಉಳಿದದ್ದನ್ನು. ವಾಸಣ್ಣ ಪ್ಲೇಟುಗಳ ಪೆಟ್ಟಿಗೆಗಳನ್ನು ಮತ್ತೆ ಅವುಗಳ ಜಾಗದಲ್ಲಿ ಇಟ್ಟ.

ಮುಂದಿನ ಧನು ತಿಂಗಳು ಬಾಬು ಆಚಾರಿಯವರನ್ನು ನಾವು ಹಟ ಹಿಡಿದು ಬಸ್ಸು ಹತ್ತಿಸಿದೆವು. ಪಾಣೆಮಂಗಳೂರು ಬರುವುದರೊಳಗೆ ಅವರು ಬಸವಳಿದಿದ್ದರು. ಹೊಳೆ ದಾಟಿಸಿದ್ದು ಇದ್ದಿನಬ್ಬನೇ. ಹಳೆಯ ಧಕ್ಕೆಯ ಕಂಬಗಳ ಮೇಲೆ ಬಿಳಿಹಕ್ಕಿಗಳು ಹಾಗೆಯೇ ಕೂತಿದ್ದವು. ಆಚಾರಿಯವರು ತುಂಬ ಹೊತ್ತು ನೋಡಿದರು.

“ಇದಕ್ಕೆ ಕಾಗೆ ಅಂತ ಹೆಸರು ಇಟ್ಟವ ಯಾರು?”

“ನಾನೇ ಹೇಳಿದ್ದು,” ಎಂದ ಇದ್ದಿನಬ್ಬ.

“ನಿನಗೆ ನನ್ನ ಮನೆಯಲ್ಲಿ ಒಂದು ಚಾ ಉಂಟು, ಬಾ ಒಮ್ಮೆ,” ಎಂದರು ಆಚಾರಿಯವರು.

ವಾಸಣ್ಣ ಈ ಸಲ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತ. ಧಕ್ಕೆಯ ಗಟ್ಟಿ ಇರುವ ಒಂದು ಹಲಗೆಯ ಮೇಲೆ ಆಚಾರಿಯವರನ್ನು ಕೂರಿಸಿ, ಮುಖದ ಮೇಲೆ ಬೆಳಕು ಬೀಳುವ ಹಾಗೆ ಒಂದು ಪಟ ತೆಗೆದ. ಹಕ್ಕಿಗಳು ಅದರಲ್ಲಿ ಹತ್ತಿಯ ಹಾಗೆ ಬೆಳ್ಳಗೆ ಬಂದವು. ಪಟವನ್ನು ನರಿಮೊಗರಿಗೆ ಕೊಂಡುಹೋಗಿ ಕೊಟ್ಟವನು ನಾನು. ಕೆಲವು ದಿನ ಬಿಟ್ಟು ಶಾಲೆಯಿಂದ ಬರುವಾಗ ಅವರ ಮನೆಗೆ ಹೊಕ್ಕೆ. ಪಟಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗಿದ್ದರು. ಹತ್ತಿರ ಹೋಗಿ ನೋಡಿದೆ. ಆಚಾರಿಯವರ ಪಕ್ಕದ ಕಂಬದ ಮೇಲಿನ ಒಂದು ಹಕ್ಕಿಗೆ ಸಣ್ಣ ಕುಂಚದಿಂದ ನೀಟಾಗಿ ಕಪ್ಪು ಬಳಿದಿತ್ತು.

“ನಮ್ಮ ಅಮ್ಮ ಬೆಳ್ಳಗೆ ಇರಲಿಲ್ಲ ಮಾಸ್ಟ್ರೆ,” ಎಂದರು ಅವರು, ಬಸ್ಸಿನ ಬೋರ್ಡಿಗೆ ಬಣ್ಣ ಕೊಡುತ್ತಲೇ.